ಮೈಯೊಳಗಿನ ಮೂರೆಳೆ ಹಗ್ಗ

ಹೋದ ವರ್ಷ ದೀಪಾವಳಿ ಕಳೆದು ಚಳಿ ಶುರುವಾದ ಹೊತ್ತು. ಒಂದು ಸಂಜೆ ನಮ್ಮ ವಾಚನಾಲಯದ ಜಗಲಿಯಲ್ಲಿ ನಡೆದ ಮಾತಿನಿಂದ ಈ ಬರಹ ಹುಟ್ಟಿತು. ಒಂಬತ್ತನೇ ತರಗತಿ ಓದುವ ಹುಡುಗಿಯೊಬ್ಬಳು ವಿಜ್ಞಾನದ ಪುಸ್ತಕ ಹಿಡಿದುಕೊಂಡು ಬಂದಳು. ಅಂಗಾಂಶಗಳ ಪಾಠ. ‘ಸಂಯೋಜಕ ಅಂಗಾಂಶ’ ಅನ್ನುವ ಕಡೆ ಬೆರಳಿಟ್ಟು, “ಮೇಷ್ಟ್ರೇ, ಮೂಳೆ, ಕೊಬ್ಬು, ರಕ್ತ ಎಲ್ಲಾ ಒಂದೇ ಜಾತಿ ಅಂತ ಬರ್ದವ್ರೆ. ಮೂಳೆ ಕಲ್ಲಿದ್ದಂಗೆ, ರಕ್ತ ನೀರಿದ್ದಂಗೆ. ಒಂದೇ ಜಾತಿ ಹೆಂಗಾಯ್ತದೆ?” ಅಂತ ಕೇಳಿದಳು.

ನಾನು ಮೂವತ್ತು ವರ್ಷ ಇದೇ ಪಾಠ ಮಾಡಿ ನಿವೃತ್ತನಾದವನು. “ದೇಹದ ಭಾಗಗಳನ್ನು ಜೋಡಿಸಿ ಆಧಾರ ಕೊಡುವ ಅಂಗಾಂಶವೇ ಸಂಯೋಜಕ ಅಂಗಾಂಶ” ಅಂತ ಬಾಯಿಪಾಠದ ಉತ್ತರ ಹೇಳಿದೆ. ಹುಡುಗಿಯ ಮುಖ ನೋಡಿದರೆ ಏನೂ ತಿಳಿದಂತೆ ಕಾಣಲಿಲ್ಲ.

ಜಗಲಿಯ ಕೊನೇ ಮೆಟ್ಟಿಲ ಮೇಲೆ ಒಬ್ಬರು ಅಜ್ಜ ಕೂತಿದ್ದರು. ಪ್ರಾಯದಲ್ಲಿ ತೊಗಲು ಹದ ಮಾಡಿ, ನೇಗಿಲಿಗೆ ಮಿಣಿ, ಕಪಿಲೆ ಬಾವಿಗೆ ತೊಗಲ ಚೀಲ ಹೊಲೆದು ಕೊಡುತ್ತಿದ್ದವರು. ಪಂಪುಸೆಟ್ಟು ಬಂದು ಕಪಿಲೆ ನಿಂತ ಮೇಲೆ ಆ ಕೆಲಸವೂ ನಿಂತಿತು. ಅವರು ನಮ್ಮ ಕಡೆ ತಿರುಗಿ, “ಮೇಕೆ ಸುಲಿವಾಗ ತೊಗಲಿಗೂ ಮಾಂಸಕ್ಕೂ ನಡುವೆ ಬೆಳ್ಳಗೆ ಜೇಡರ ಬಲೆ ಇದ್ದಂಗೆ ಬತ್ತದಲ್ಲ, ಅದ್ನಾ ಮೇಷ್ಟ್ರೇ ನೀವು ಹೇಳ್ತಾ ಇರೋದು?” ಅಂದರು.

ಅದೇ. ಪುಸ್ತಕದ ಮಾತೂ ಅದೇ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಒಂದು ಸಲವೂ ಈ ಉದಾಹರಣೆ ಬಾಯಿಗೆ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಅಂತ ಆಮೇಲೆ ಯೋಚನೆ ಮಾಡುತ್ತಾ ಹೋದೆ. ಹಳೇ ಪುಸ್ತಕ ತಿರುವಿದೆ. ಈ ಅಂಗಾಂಶದ ಚರಿತ್ರೆ ಅಂದರೆ ಮುಟ್ಟಿದವರ ಚರಿತ್ರೆ ಅನ್ನೋದು ಹಾಗೆ ನನಗೆ ಗೊತ್ತಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಕೋಶ, ನಾರು, ನಡುವಿನ ದ್ರವ್ಯ

ಮೊದಲು ಹುಡುಗಿಯ ಪ್ರಶ್ನೆಗೆ ಉತ್ತರ. ನಮ್ಮ ಮೈಯಲ್ಲಿ ನಾಲ್ಕು ಬಗೆಯ ಅಂಗಾಂಶ ಇವೆ. ಮೈಯನ್ನು ಹೊರಗೆ ಮುಚ್ಚಿರುವುದು, ಕೊಳವೆಗಳ ಒಳಮೈಗೆ ಹಾಸಿರುವುದು ಅನುಲೇಪಕ ಅಂಗಾಂಶ. ಕುಗ್ಗಿ ಹಿಗ್ಗಿ ಕೆಲಸ ಮಾಡುವುದು ಸ್ನಾಯು. ಸುದ್ದಿ ಮುಟ್ಟಿಸುವುದು ನರ. ಈ ಮೂರನ್ನೂ ಕಟ್ಟಿ, ತುಂಬಿ, ಹೊತ್ತು ನಿಲ್ಲಿಸಿರುವುದು ನಾಲ್ಕನೆಯದಾದ ಸಂಯೋಜಕ ಅಂಗಾಂಶ.

ಮೊದಲ ಮೂರರಲ್ಲಿ ಕೋಶಗಳೇ ಹೆಚ್ಚು, ಒಂದಕ್ಕೊಂದು ಒತ್ತಾಗಿ ಕೂತಿರುತ್ತವೆ. ಸಂಯೋಜಕ ಅಂಗಾಂಶದಲ್ಲಿ ಹಾಗಲ್ಲ. ಕೋಶಗಳು ಅಲ್ಲೊಂದು ಇಲ್ಲೊಂದು ದೂರ ದೂರ ಇರುತ್ತವೆ. ನಡುವಿನ ಜಾಗದಲ್ಲಿ ನಾರು ಇರುತ್ತದೆ, ನಾರಿನ ಸುತ್ತ ಲೋಳೆಯಂಥದ್ದೋ ಗಟ್ಟಿಯಾದದ್ದೋ ನೀರಿನಂಥದ್ದೋ ಒಂದು ದ್ರವ್ಯ ಇರುತ್ತದೆ. ಕೋಶ, ನಾರು, ನಡುವಿನ ದ್ರವ್ಯ, ಈ ಮೂರೇ ಇದರ ರಚನೆ. ಮೂರರ ಪಾಲು ಬದಲಾದಂತೆ ರೂಪವೂ ಬದಲಾಗುತ್ತದೆ.

ನಾರು ತೆಳ್ಳಗೆ, ದ್ರವ್ಯ ಮೆತ್ತಗೆ ಇದ್ದರೆ ಸಡಿಲ ಅಂಗಾಂಶ, ಅಜ್ಜ ಹೇಳಿದ ಜೇಡರ ಬಲೆ. ಚರ್ಮ ಮಾಂಸದ ಮೇಲೆ ಜಾರಾಡುವುದು ಇದರಿಂದಲೇ. ನಾರುಗಳು ಒತ್ತಾಗಿ ಒಂದೇ ದಿಕ್ಕಿಗೆ ಮಲಗಿದರೆ ಮಾಂಸವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಹಿಮ್ಮಡಿಯ ಮೇಲೆ ಕೈಯಿಟ್ಟರೆ ಹಗ್ಗದ ಹಾಗೆ ಸಿಗುತ್ತದಲ್ಲ, ಅದು. ಮೂಳೆಯನ್ನು ಮೂಳೆಗೆ ಕಟ್ಟಿದರೆ ಅಸ್ಥಿರಜ್ಜು. ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡರೆ ಚರ್ಮದ ಒಳಪದರ, ಅದೇ ಹದವಾದ ಮೇಲೆ ತೊಗಲು. ಕೋಶಗಳಲ್ಲಿ ಎಣ್ಣೆ ತುಂಬಿಕೊಂಡರೆ ಕೊಬ್ಬು. ದ್ರವ್ಯ ಗಟ್ಟಿಯಾಗಿ ಬಳುಕುವಂತಿದ್ದರೆ ಮೃದ್ವಸ್ಥಿ. ಕಿವಿಯ ಆಲೆ, ಮೂಗಿನ ತುದಿ, ಮಂಡಿಯೊಳಗಿನ ನುಣುಪಾದ ಹೊದಿಕೆ ಇವೆಲ್ಲ ಅದೇ. ದ್ರವ್ಯಕ್ಕೆ ಸುಣ್ಣದ ಲವಣ ಸೇರಿದರೆ ಮೂಳೆ. ದ್ರವ್ಯ ಪೂರಾ ನೀರಾಗಿ ಕೋಶಗಳು ತೇಲಿದರೆ ರಕ್ತ. ರಕ್ತದಲ್ಲಿ ನಾರು ಕಾಣುವುದಿಲ್ಲ ನಿಜ. ಆದರೆ ಗಾಯವಾದಾಗ ನೋಡಿ, ಹೆಪ್ಪುಗಟ್ಟುವ ರಕ್ತದಲ್ಲಿ ನಾರಿನ ಬಲೆ ಹುಟ್ಟಿಕೊಳ್ಳುತ್ತದೆ. ಮೇಲಾಗಿ ಗರ್ಭದೊಳಗೆ ಮೂಳೆ, ಮೃದ್ವಸ್ಥಿ, ರಕ್ತ ಎಲ್ಲವೂ ಒಂದೇ ಮೂಲದ ಪದರದಿಂದ ಬೆಳೆಯುತ್ತವೆ. ರಕ್ತಕಣ ಹುಟ್ಟುವುದೂ ಮೂಳೆಯ ಮಜ್ಜೆಯಲ್ಲೇ. ಅದಕ್ಕೇ ಇವೆಲ್ಲ ಒಂದೇ ಕುಟುಂಬ.

ಈ ಕುಟುಂಬದಲ್ಲಿ ರಕ್ತ, ಕೊಬ್ಬು ಬಿಟ್ಟರೆ ಬಹುಪಾಲಿಗೆ ಬಲ ಕೊಡುವ ನಾರಿನ ಹೆಸರು ಕೊಲ್ಲಾಜೆನ್. ನಮ್ಮ ಮೈಯ ಪ್ರೋಟೀನಿನಲ್ಲಿ ಹೆಚ್ಚು ಕಡಮೆ ಮೂರರಲ್ಲಿ ಒಂದು ಪಾಲು ಇದೇ. ಹೆಸರು ಗ್ರೀಕಿನದು, ಅಂಟು ಹುಟ್ಟಿಸುವುದು ಅಂತ ಅರ್ಥ. ತೊಗಲು, ಮೂಳೆ ಬೇಯಿಸಿ ತೆಗೆದ ಸರೇಸನ್ನು ಬಡಗಿಗಳು ಹಿಂದೆ ಬಳಸುತ್ತಿದ್ದರು, ತಮಿಳಿನವರು ವಜ್ರಂ ಅನ್ನುತ್ತಿದ್ದ ಅಂಟು. ಆ ಅಂಟೇ ಬೆಂದು ಕರಗಿದ ಕೊಲ್ಲಾಜೆನ್. ಮೇಕೆ ಕಾಲಿನ ಸಾರು ರಾತ್ರಿ ಇಟ್ಟರೆ ಬೆಳಿಗ್ಗೆ ಗಡ್ಡೆಕಟ್ಟುವುದೂ ಇದರಿಂದಲೇ.

ಸುಶ್ರುತನ ದೋಣಿ

ನಮ್ಮ ದೇಶದಲ್ಲಿ ಇದನ್ನು ಕಣ್ಣಿಟ್ಟು ನೋಡಿ ಬರೆದವರಲ್ಲಿ ಮೊದಲಿಗೆ ಹೇಳಬೇಕಾದ್ದು ಸುಶ್ರುತ ಸಂಹಿತೆಯನ್ನು. ಸುಮಾರು ಎರಡು ಸಾವಿರ ವರ್ಷ ಹಳೆಯ ಗ್ರಂಥ. ಶಸ್ತ್ರವೈದ್ಯ ಕಲಿಯುವವನು ಹೆಣವನ್ನು ಹೇಗೆ ನೋಡಿ ತಿಳಿಯಬೇಕು ಅಂತ ಅದರ ಶಾರೀರಸ್ಥಾನದಲ್ಲಿ ವಿವರವಾಗಿ ಹೇಳಿದೆ. ವಿಷದಿಂದ ಸತ್ತದ್ದಾಗಲಿ, ಬಹುಕಾಲ ಕಾಯಿಲೆ ಬಿದ್ದು ಸತ್ತದ್ದಾಗಲಿ ಆಗಬಾರದು. ಹೊಟ್ಟೆಯ ಕಲ್ಮಶ ತೆಗೆದು, ಹುಲ್ಲು ನಾರಿನಿಂದ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಕಡೆ ಹರಿವ ನೀರಿನಲ್ಲಿ ಏಳು ರಾತ್ರಿ ನೆನೆಹಾಕಬೇಕು. ಚೆನ್ನಾಗಿ ನೆನೆದ ಮೇಲೆ ಲಾವಂಚದ ಬೇರು, ಕೂದಲು, ಬಿದಿರು ಇಂಥವುಗಳ ಕುಂಚದಿಂದ ಮೆಲ್ಲಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಶುರುಮಾಡಿ ಒಂದೊಂದೇ ಪದರ ನೋಡುತ್ತಾ ಒಳಗೆ ಹೋಗಬೇಕು.

ಹಾಗೆ ನೋಡಿದವರು ಲೆಕ್ಕ ಕೊಟ್ಟಿದ್ದಾರೆ. ಮೂಳೆ 300, ‘ಸ್ನಾಯು’ 900. ಅದರಲ್ಲಿ ಕೈಕಾಲಿನಲ್ಲಿ 600, ನಡುಮೈಯಲ್ಲಿ 230, ಕತ್ತಿನಿಂದ ಮೇಲೆ 70. ಸ್ನಾಯುಗಳಲ್ಲಿ ನಾಲ್ಕು ಬಗೆ: ಕವಲಾಗಿ ಹರಡಿದವು, ದುಂಡಗಿನವು, ಅಗಲವಾದವು, ಟೊಳ್ಳಾದವು. ಇಂದಿನ ಎಣಿಕೆಗೆ ಇದು ಕೂಡುವುದಿಲ್ಲ. ದೊಡ್ಡವರಲ್ಲಿ ಮೂಳೆ 206 ಅಂತ ನಾವು ಓದುತ್ತೇವೆ. ಹಲ್ಲು, ಮೃದ್ವಸ್ಥಿ ಕೂಡ ಅವರ ಲೆಕ್ಕಕ್ಕೆ ಸೇರಿದ್ದವು.

ಶಿಕ್ಷಕರು ಇಲ್ಲಿ ಒಂದು ಮಾತು ಗಮನಿಸಬೇಕು. ಇವತ್ತು ನಮ್ಮ ಪಾಠಪುಸ್ತಕದಲ್ಲಿ ಸ್ನಾಯು ಅಂದರೆ ಮಾಂಸಖಂಡ. ಸುಶ್ರುತನಲ್ಲಿ ಮಾಂಸಖಂಡಕ್ಕೆ ಪೇಶಿ ಅಂತ ಬೇರೆ ಹೆಸರಿದೆ, ಸ್ನಾಯು ಅಂದರೆ ಕಟ್ಟುವ ನಾರು. ಹಲಗೆಗಳನ್ನು ಹಗ್ಗದಿಂದ ಬಿಗಿದು ಕಟ್ಟಿದರೆ ದೋಣಿ ಹೇಗೆ ನೀರಿನಲ್ಲಿ ಭಾರ ಹೊರುತ್ತದೋ, ಕೀಲುಗಳಲ್ಲಿ ಸ್ನಾಯು ಬಿಗಿದಿರುವುದರಿಂದ ಮನುಷ್ಯ ಹಾಗೆಯೇ ಭಾರ ಹೊರುತ್ತಾನೆ ಅಂತ ಗ್ರಂಥ ಹೇಳುತ್ತದೆ. ಮೂಳೆಗೋ ಮಾಂಸಕ್ಕೋ ಪೆಟ್ಟಾಗುವುದಕ್ಕಿಂತ ಸ್ನಾಯುವಿಗೆ ಪೆಟ್ಟಾಗುವುದು ಕೆಟ್ಟದ್ದು ಅಂತಲೂ ಎಚ್ಚರಿಸುತ್ತದೆ. ಮುರಿದ ಮೂಳೆ ಕೂಡಿಕೊಂಡು, ಕಿತ್ತ ನಾರು ವರ್ಷವಾದರೂ ಸರಿಹೋಗದೆ ನರಳಿದವರು ನಮ್ಮೂರಲ್ಲೇ ಇದ್ದಾರೆ. ನಾರಿನೊಳಗೆ ರಕ್ತನಾಳ ಕಡಮೆ, ಅದಕ್ಕೇ ವಾಸಿಯಾಗುವುದು ನಿಧಾನ.

ನಾವು ಊರ ಮಾತಿನಲ್ಲಿ ‘ನರ ಸೆಳೀತು’, ‘ನರ ಹಿಡ್ಕೊಂಡದೆ’ ಅಂತೀವಲ್ಲ, ಅಲ್ಲೂ ಈ ಬೆರಕೆ ಇದೆ. ಕಟ್ಟುವ ನಾರು, ರಕ್ತನಾಳ, ಸುದ್ದಿ ಒಯ್ಯುವ ತಂತು ಮೂರಕ್ಕೂ ನರ ಅಂತಲೇ ಹೆಸರು. ಇದು ನಮ್ಮ ದಡ್ಡತನ ಅಲ್ಲ. ಗ್ರೀಕರ ‘ನ್ಯೂರಾನ್’ ಅನ್ನುವ ಮಾತಿಗೂ ಮೊದಲಿಗೆ ಇದ್ದ ಅರ್ಥ ಕಟ್ಟುವ ನಾರು ಅಂತಲೇ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್, ಎರಾಸಿಸ್ಟ್ರಾಟಸ್ ಅನ್ನುವ ವೈದ್ಯರು ಹೆಣ ಕೊಯ್ದು ನೋಡಿದ ಮೇಲೆ ಕಟ್ಟುವ ನಾರೇ ಬೇರೆ, ನರವೇ ಬೇರೆ ಅಂತ ಸ್ಪಷ್ಟವಾಯಿತು. ಸಂಸ್ಕೃತದ ಸ್ನಾಯು, ಗ್ರೀಕಿನ ನ್ಯೂರಾನ್ ಎರಡೂ ಒಂದೇ ಬೇರಿನ ಮಾತುಗಳು. ಬೇರೆ ಬೇರೆ ದೇಶದವರೂ ಮೊದಲು ಕಂಡದ್ದು ಕಟ್ಟುವ ನಾರನ್ನೇ.

ಆದರೆ ಮುಂದೆ ನಮ್ಮಲ್ಲಿ ಏನಾಯಿತು? ಹೆಣ ಮುಟ್ಟುವುದು ಮೈಲಿಗೆ ಅನ್ನುವ ಭಾವನೆ ಬಲವಾಯಿತು. ಗ್ರಂಥ ಬಾಯಿಪಾಠದಲ್ಲಿ ಉಳಿಯಿತು, ಕುಂಚ ಹಿಡಿಯುವ ಕೈ ಇಲ್ಲವಾಯಿತು. 1836ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಶವ ಕೊಯ್ದದ್ದು ದೊಡ್ಡ ಸುದ್ದಿಯಾಯಿತು. ಸುಶ್ರುತನ ನಾಡಿನಲ್ಲಿ ಅದು ಸುದ್ದಿಯಾಗಬೇಕಾಯಿತು ಅನ್ನೋದನ್ನು ನಾವು ಮರೆಯಬಾರದು. ಅಷ್ಟು ಕಾಲವೂ ತೊಗಲಿನ ಒಳಪದರ, ನಾರು, ಮೂಳೆ ಇವನ್ನು ದಿನಾ ಕೈಯಲ್ಲಿ ಮುಟ್ಟಿ ಬಲ್ಲವರು ಊರಾಚೆಯ ಕೇರಿಯಲ್ಲಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಹಡಗಿನವರ ಹಳೇ ಗಾಯ

ಈಗ ಸಮುದ್ರಕ್ಕೆ ಹೋಗೋಣ. 1740ರಲ್ಲಿ ಇಂಗ್ಲೆಂಡಿನ ಜಾರ್ಜ್ ಆನ್ಸನ್ ಅನ್ನುವ ಅಧಿಕಾರಿ ಯುದ್ಧದ ಹಡಗುಗಳನ್ನು ತೆಗೆದುಕೊಂಡು ಭೂಮಿ ಸುತ್ತಲು ಹೊರಟ. ಜೊತೆಗೆ ಸುಮಾರು 1900 ಜನ. 1744ರಲ್ಲಿ ಹಿಂತಿರುಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಶತ್ರುವಿನ ಗುಂಡಿಗೆ ಸತ್ತವರು ಬಹಳ ಕಡಮೆ. ಬಹುಪಾಲು ಜನರನ್ನು ತಿಂದದ್ದು ಕಾಯಿಲೆಗಳು, ಅದರಲ್ಲೂ ಸ್ಕರ್ವಿ. ವಸಡು ಊದಿ ರಕ್ತ ಸುರಿದು ಹಲ್ಲು ಉದುರುವುದು, ಮೈಮೇಲೆ ಕಪ್ಪು ಮಚ್ಚೆ, ಕೀಲುನೋವು, ಆಮೇಲೆ ಸಾವು.

ಆ ಯಾತ್ರೆಯ ವರದಿಯಲ್ಲಿ ಒಂದು ವಿಚಿತ್ರ ಸಂಗತಿ ದಾಖಲಾಗಿದೆ. ಒಬ್ಬ ಮುದಿ ಸಿಪಾಯಿ 1690ರಲ್ಲಿ ಐರ್ಲೆಂಡಿನ ಬಾಯ್ನ್ ಕಾಳಗದಲ್ಲಿ ಗಾಯಗೊಂಡಿದ್ದ. ಗಾಯ ವಾಸಿಯಾಗಿ ಐವತ್ತು ವರ್ಷ ಕಳೆದಿತ್ತು. ಸ್ಕರ್ವಿ ಹಿಡಿದಾಗ ಆ ಹಳೇ ಗಾಯ ಹೊಸದರಂತೆ ಬಾಯಿ ಬಿಟ್ಟಿತು. ಕೂಡಿಕೊಂಡಿದ್ದ ಮೂಳೆಯೂ ಬಿಟ್ಟುಹೋಯಿತು. ಇದು ಯಾಕೆ ಅಂತ ಆ ಕಾಲದವರಿಗೆ ತಿಳಿಯಲಿಲ್ಲ.

1747ರ ಮೇ ತಿಂಗಳಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ‘ಸಾಲಿಸ್‌ಬರಿ’ ಹಡಗಿನಲ್ಲಿ ಒಂದು ಪರೀಕ್ಷೆ ಮಾಡಿದ. ಸ್ಕರ್ವಿ ಹಿಡಿದ 12 ಜನರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಎಲ್ಲರಿಗೂ ಒಂದೇ ಊಟ ಇಟ್ಟು, ಒಂದೊಂದು ಜೋಡಿಗೆ ಒಂದೊಂದು ಔಷಧ ಕೊಟ್ಟ. ಒಂದು ಜೋಡಿಗೆ ಸೇಬಿನ ಮದ್ಯ, ಇನ್ನೊಂದಕ್ಕೆ ವಿನೆಗರ್, ಮತ್ತೊಂದಕ್ಕೆ ಸಮುದ್ರದ ನೀರು, ಹೀಗೆ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ಆರೇ ದಿನದಲ್ಲಿ ಚೇತರಿಸಿಕೊಂಡಿತು. 1753ರಲ್ಲಿ ಲಿಂಡ್ ಪುಸ್ತಕ ಬರೆದ. ಆದರೆ ರಸವನ್ನು ಕಾಯಿಸಿ ಇಂಗಿಸಿ ಇಟ್ಟುಕೊಳ್ಳಿ ಅಂತ ಅವನೇ ಸಲಹೆ ಕೊಟ್ಟ. ಕಾಯಿಸಿದರೆ ಗುಣ ಹೋಗುತ್ತದೆ ಅನ್ನೋದು ಅವನಿಗೆ ತಿಳಿದಿರಲಿಲ್ಲ. ಇಂಗ್ಲೆಂಡಿನ ನೌಕಾಪಡೆ ಎಲ್ಲ ನಾವಿಕರಿಗೂ ನಿಂಬೆರಸ ಕೊಡಲು ಮುಂದಾದದ್ದು 1795ರಲ್ಲಿ. ಲಿಂಡ್ 1794ರಲ್ಲೇ ಸತ್ತಿದ್ದ.

ನಿಂಬೆಹಣ್ಣಿಗೂ ಐವತ್ತು ವರ್ಷದ ಗಾಯಕ್ಕೂ ಏನು ಸಂಬಂಧ? ಈ ಗಂಟನ್ನು ಇಲ್ಲೇ ಇಟ್ಟಿರೋಣ, ಬಿಚ್ಚುವುದು ಮದ್ರಾಸಿಗೆ ಹೋದ ಮೇಲೆ.

ಪ್ಯಾರಿಸಿನ ತರುಣ

ಅದೇ ಶತಮಾನದ ಕೊನೆಗೆ ಪ್ಯಾರಿಸಿನಲ್ಲಿ ಜೇವಿಯರ್ ಬಿಶಾ ಅನ್ನುವ ವೈದ್ಯನಿದ್ದ. ಹುಟ್ಟಿದ್ದು 1771ರಲ್ಲಿ. ಫ್ರಾನ್ಸಿನ ಮಹಾಕ್ರಾಂತಿ ಆಸ್ಪತ್ರೆಗಳ ರೂಪವನ್ನೇ ಬದಲಿಸಿದ ಕಾಲ. ಅವನು ಕೆಲಸ ಮಾಡಿದ ಆಸ್ಪತ್ರೆಯ ಹೆಸರು ಓಟೆಲ್ ದ್ಯು. ಸತ್ತ ಬಡವರ ದೇಹಗಳನ್ನು ಹಗಲಿರುಳು ಕೊಯ್ದು ನೋಡಿದ. ಒಂದೇ ಚಳಿಗಾಲದಲ್ಲಿ ಆರುನೂರು ದೇಹ ನೋಡಿದ ಅಂತ ಅವನ ಕಾಲದಿಂದಲೂ ಹೇಳಿಕೊಂಡು ಬಂದಿದ್ದಾರೆ.

ಅದುವರೆಗೆ ವೈದ್ಯರು ಹೃದಯ, ಯಕೃತ್ತು, ಹೊಟ್ಟೆ ಅಂತ ಅಂಗ ಅಂಗವಾಗಿ ನೋಡುತ್ತಿದ್ದರು. ಬಿಶಾ ಕೇಳಿದ ಪ್ರಶ್ನೆ ಬೇರೆ: ಅಂಗಗಳು ಯಾವುದರಿಂದ ನೇಯಲ್ಪಟ್ಟಿವೆ? ಬೇಯಿಸಿದ, ಒಣಗಿಸಿದ, ಕೊಳೆಸಿದ, ಆಮ್ಲದಲ್ಲಿ ಅದ್ದಿ ನೋಡಿದ. ಒಂದೇ ಬಗೆಯ ನೇಯ್ಗೆ ಬೇರೆ ಬೇರೆ ಅಂಗದಲ್ಲಿ ಇರುವುದು ಅವನ ಕೈಗೆ ಗೊತ್ತಾಯಿತು. ಅದನ್ನು ನೇಯ್ದ ಬಟ್ಟೆ ಅನ್ನುವ ಅರ್ಥದ ಫ್ರೆಂಚ್ ಮಾತಿನಿಂದ ಕರೆದ. ನಾವು ಅಂಗಾಂಶ ಅನ್ನುವುದು ಅದನ್ನೇ. 1801ರಲ್ಲಿ ಪ್ರಕಟವಾದ ಪುಸ್ತಕದಲ್ಲಿ 21 ಬಗೆಯ ನೇಯ್ಗೆ ಪಟ್ಟಿ ಮಾಡಿದ. ಮೂಳೆ, ಮೃದ್ವಸ್ಥಿ, ನಾರು ಎಲ್ಲ ಅದರಲ್ಲಿವೆ. ಜೇಡರ ಬಲೆಯಂಥ ಸಡಿಲ ನೇಯ್ಗೆಯೂ ಇದೆ. ಆಶ್ಚರ್ಯ ಏನಂದರೆ ಅವನು ಸೂಕ್ಷ್ಮದರ್ಶಕವನ್ನು ನಂಬುತ್ತಿರಲಿಲ್ಲ. ಕಣ್ಣು, ಕೈ, ಕತ್ತಿ, ಕುದಿಯುವ ನೀರು ಇಷ್ಟೇ ಅವನ ಸಾಧನ. ನಮ್ಮ ಹದಗಾರರ ಸಾಧನವೂ ಹೆಚ್ಚು ಕಡಮೆ ಇವೇ. 1802ರಲ್ಲಿ, ಮೂವತ್ತನೇ ವಯಸ್ಸಿನಲ್ಲಿ ಬಿಶಾ ತೀರಿಕೊಂಡ.

1830ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರ್ ‘ಕಟ್ಟುವ ನೇಯ್ಗೆ’ ಅನ್ನುವ ಅರ್ಥದ ಹೆಸರು ಕೊಟ್ಟ. ಸಂಯೋಜಕ ಅಂಗಾಂಶ ಅನ್ನುವ ನಮ್ಮ ಮಾತಿನ ಹಿಂದೆ ಇರುವುದು ಅದೇ ಅರ್ಥ. ಮುಂದೆ ಸೂಕ್ಷ್ಮದರ್ಶಕ ಸುಧಾರಿಸಿ ಕೋಶ, ನಾರು ಕಣ್ಣಿಗೆ ಬಿದ್ದವು. ಆದರೆ ಆ ನಾರಿನ ಒಳಗೆ ಏನಿದೆ? ಎತ್ತು ಎಳೆದರೂ ಹರಿಯದ ಬಲ ಎಲ್ಲಿಂದ ಬಂತು? ಅದಕ್ಕೆ ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು.

ಮದ್ರಾಸಿನಲ್ಲಿ ಸಿಕ್ಕ ಹಗ್ಗ

ಉತ್ತರ ಸಿಕ್ಕಿದ್ದು ದಿಂಬಂ ಘಾಟಿಯ 27 ತಿರುವು ಇಳಿದು ಹೋದರೆ ಸಿಗುವ ನಮ್ಮದೇ ರಾಜ್ಯದ ರಾಜಧಾನಿಯಲ್ಲಿ. ಇದನ್ನು ನಮ್ಮ ಮಕ್ಕಳಿಗೆ ನಾವು ಹೇಳುವುದೇ ಇಲ್ಲ.

ಮದ್ರಾಸು ಪ್ರಾಂತ ಬ್ರಿಟಿಷರ ಕಾಲದಿಂದಲೂ ತೊಗಲಿನ ವ್ಯಾಪಾರಕ್ಕೆ ಹೆಸರಾದದ್ದು. ಈರೋಡು, ದಿಂಡಿಗಲ್, ಆಂಬೂರು, ರಾಣಿಪೇಟೆ ಕಡೆ ಹದವಾದ ತೊಗಲು ಲಂಡನ್ನಿಗೆ ಹೋಗುತ್ತಿತ್ತು. ಹದಕ್ಕೆ ಬೇಕಾದದ್ದು ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಆವರಿಕೆ ಗಿಡದ ತೊಗಟೆ, ಕಾಡಿನ ಅಳಲೆಕಾಯಿ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿದರೆ ಕೂದಲೂ ಮೇಲ್ಪದರವೂ ಬಿಟ್ಟುಕೊಳ್ಳುತ್ತವೆ. ಒಳಮೈಗೆ ಅಂಟಿದ ಜೇಡರ ಬಲೆ, ಕೊಬ್ಬು ಎಲ್ಲ ಕತ್ತಿಯಿಂದ ಹೆರೆದು ತೆಗೆಯುತ್ತಾರೆ. ಉಳಿಯುವುದು ಹೆಣೆದ ನಾರಿನ ಪದರ, ಬಹುತೇಕ ಕೊಲ್ಲಾಜೆನ್. ತೊಗಟೆಯ ಒಗರು ಆ ನಾರುಗಳಿಗೆ ಹಿಡಿದುಕೊಂಡು ಅವನ್ನು ಒಂದಕ್ಕೊಂದು ಬಿಗಿಯುತ್ತದೆ. ಆಮೇಲೆ ಅದು ಕೊಳೆಯುವುದಿಲ್ಲ. ಇದೇ ಹದ.

ಈ ಉದ್ಯಮಕ್ಕೆ ನೆರವಾಗಲಿ ಅಂತ 1948ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಶುರುವಾಯಿತು. ಅದರ ನೆರೆಯಲ್ಲೇ ಗಿಂಡಿಯಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗ. 1952ರಲ್ಲಿ ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರರು ಆ ವಿಭಾಗಕ್ಕೆ ಬರುವಂತೆ ಸಿ. ವಿ. ರಾಮನ್ ಅವರನ್ನು ಕರೆದರು. ರಾಮನ್ ತಾವು ಬರಲಿಲ್ಲ, ಬೆಂಗಳೂರಿನಲ್ಲಿ ತಮ್ಮ ಕೈಕೆಳಗೆ ಕಲಿತ ಜಿ. ಎನ್. ರಾಮಚಂದ್ರನ್ ಅವರ ಹೆಸರು ಹೇಳಿದರು. ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿದ ರಾಮಚಂದ್ರನ್ ಅವರಿಗೆ ಆಗಿನ್ನೂ ಮೂವತ್ತು ತುಂಬುವ ವಯಸ್ಸು.

ಮದ್ರಾಸಿಗೆ ಭೇಟಿ ಕೊಟ್ಟ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲ್ಲಾಜೆನ್ನಿನ ರಚನೆ ಇನ್ನೂ ಬಗೆಹರಿದಿಲ್ಲ ಅಂತ ಅವರಿಗೆ ಹೇಳಿದರು. 1951ರಲ್ಲಿ ಅಮೆರಿಕದ ದೊಡ್ಡ ವಿಜ್ಞಾನಿ ಲೈನಸ್ ಪೌಲಿಂಗ್ ಒಂದು ರಚನೆ ಸೂಚಿಸಿದ್ದರು, ಅದು ಸರಿಯಾಗಿರಲಿಲ್ಲ. ರಾಮಚಂದ್ರನ್ ಪಕ್ಕದ ಚರ್ಮ ಸಂಸ್ಥೆಯಿಂದ ಕೊಲ್ಲಾಜೆನ್ ತರಿಸಿಕೊಂಡರು. ಕಾಂಗರೂ ಬಾಲದ ನಾರಿನ ಮೇಲೂ ಎಕ್ಸ್-ಕಿರಣ ಬಿಟ್ಟು ಚಿತ್ರ ತೆಗೆದರು. ಜೊತೆಗಿದ್ದವರು ಗೋಪಿನಾಥ ಕರ್ತಾ. 1954ರ ಆಗಸ್ಟಿನಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು: ಕೊಲ್ಲಾಜೆನ್ ಮೂರು ಎಳೆಯದು. 1955ರಲ್ಲಿ ಅದನ್ನು ತಿದ್ದಿ ಇನ್ನೊಂದು ಲೇಖನ ಬರೆದರು: ಮೂರೆಳೆಯೂ ಒಂದರ ಸುತ್ತ ಒಂದು ಹೊಸೆದುಕೊಂಡಿವೆ.

ನಮ್ಮ ಕಡೆ ಕತ್ತಾಳೆ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೊಂದು ಎಳೆಯನ್ನು ಒಂದು ಕಡೆಗೆ ಹುರಿ ಮಾಡಿ, ಮೂರನ್ನೂ ಸೇರಿಸಿ ಅದರ ಎದುರು ಕಡೆಗೆ ಹೊಸೆಯುತ್ತೇವೆ. ಆಗಲೇ ಹಗ್ಗ ಬಿಚ್ಚಿಕೊಳ್ಳುವುದಿಲ್ಲ, ಎಳೆದಷ್ಟೂ ಬಿಗಿಯಾಗುತ್ತದೆ. ಕೊಲ್ಲಾಜೆನ್ನಿನಲ್ಲೂ ಹಾಗೇ, ಒಂದೊಂದು ಎಳೆ ಎಡಕ್ಕೆ ತಿರುಚಿದ್ದು, ಮೂರೂ ಕೂಡಿದ ಹುರಿ ಬಲಕ್ಕೆ ತಿರುಚಿದ್ದು. ಮೂರೆಳೆ ಕೂಡುವ ನಡುವಿನ ಜಾಗ ಬಹಳ ಕಿರಿದು. ಅಲ್ಲಿ ಹಿಡಿಸುವುದು ಗ್ಲೈಸಿನ್ ಅನ್ನುವ ಅತಿ ಚಿಕ್ಕ ಅಮೈನೋ ಆಮ್ಲ ಮಾತ್ರ. ಅದಕ್ಕೇ ಎಳೆಯುದ್ದಕ್ಕೂ ಪ್ರತಿ ಮೂರನೇ ಮಣಿ ಗ್ಲೈಸಿನ್ನೇ. ಕಾಲು ಸಾರು ಬೇಯಿಸಿದಾಗ ಆಗುವುದು ಈ ಹುರಿ ಬಿಚ್ಚುವುದು. ತಣ್ಣಗಾದಾಗ ಎಳೆಗಳು ಅಲ್ಲಲ್ಲಿ ಸಿಕ್ಕುಬಿದ್ದು ನೀರನ್ನು ಹಿಡಿದಿಡುತ್ತವೆ, ಗಡ್ಡೆ ಕಟ್ಟುತ್ತದೆ.

ಡಿ.ಎನ್.ಎ. ರಚನೆ ಕಂಡುಹಿಡಿದು ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಇಬ್ಬರೂ 1955ರಲ್ಲೇ ಇದಕ್ಕೆ ತಕರಾರು ತೆಗೆದರು. ಎಳೆಗಳ ನಡುವೆ ಎರಡೆರಡು ಬಂಧ ಇವೆ ಅಂತ ಮದ್ರಾಸಿನವರು ಹೇಳಿದ್ದರು, ಒಂದೇ ಇರಲು ಸಾಧ್ಯ ಅಂತ ಇವರು ವಾದಿಸಿದರು. ಆ ಒಂದು ವಿವರದಲ್ಲಿ ಕ್ರಿಕ್ ಅವರ ಮಾತೇ ಹೆಚ್ಚು ಸರಿ ಅಂತ ಮುಂದೆ ಗೊತ್ತಾಯಿತು. ಮೂರೆಳೆಯ ಹುರಿ ಅನ್ನುವ ಮೂಲ ವಿಚಾರ ಮಾತ್ರ ಮದ್ರಾಸಿನದೇ, ಅದು ಇವತ್ತಿಗೂ ನಿಂತಿದೆ. ಈ ಜಗಳದಿಂದ ಇನ್ನೊಂದು ಲಾಭವೂ ಆಯಿತು. ಪ್ರೋಟೀನಿನ ಎಳೆ ಎಷ್ಟರಮಟ್ಟಿಗೆ ತಿರುಗಬಹುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ಬಡಿಯುತ್ತವೆ ಅಂತ ಲೆಕ್ಕ ಹಾಕುತ್ತಾ ಹೋದ ರಾಮಚಂದ್ರನ್ 1963ರಲ್ಲಿ ತಮ್ಮ ಜೊತೆಗಾರರೊಂದಿಗೆ ಒಂದು ನಕ್ಷೆ ಪ್ರಕಟಿಸಿದರು. ‘ರಾಮಚಂದ್ರನ್ ನಕ್ಷೆ’ ಇಲ್ಲದ ಜೀವರಸಾಯನದ ಪುಸ್ತಕ ಇವತ್ತು ಸಿಗುವುದು ಕಷ್ಟ. 1971ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ ಹೊಸ ವಿಭಾಗ ಕಟ್ಟಿದರು, 2001ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ.

ಈಗ ಹಡಗಿನ ಗಂಟು ಬಿಚ್ಚೋಣ. ನಿಂಬೆಯಲ್ಲಿರುವ ಗುಣದ ಅಂಶವನ್ನು ಹಂಗೆರಿಯ ಸೆಂಟ್-ಗ್ಯೋರ್ಗಿ 1928ರಲ್ಲಿ ಬೇರ್ಪಡಿಸಿದರು, ಅದೇ ಸಿ ಜೀವಸತ್ವ ಅಂತ 1932ರಲ್ಲಿ ಖಚಿತವಾಯಿತು, 1937ರಲ್ಲಿ ನೊಬೆಲ್ ಬಂತು. ಕೊಲ್ಲಾಜೆನ್ ಎಳೆ ತಯಾರಾಗುವಾಗ ಅದರ ಕೆಲವು ಮಣಿಗಳಿಗೆ ಆಮ್ಲಜನಕ ಸೇರಬೇಕು. ಆ ಕೆಲಸ ಸಿ ಜೀವಸತ್ವ ಇಲ್ಲದೆ ನಡೆಯುವುದಿಲ್ಲ. ಸೇರದಿದ್ದರೆ ಮೂರೆಳೆ ಹೊಸೆದರೂ ಮೈ ಬಿಸಿಗೇ ಹುರಿ ಬಿಚ್ಚಿಹೋಗುತ್ತದೆ. ವಾಸಿಯಾದ ಗಾಯದ ಕಲೆ ಅಂದರೆ ಕೊಲ್ಲಾಜೆನ್ನಿನ ತೇಪೆ. ಆ ತೇಪೆ ಒಂದು ಸಲ ಹಾಕಿ ಮುಗಿಯುವಂಥದ್ದಲ್ಲ, ಹಳೇ ನಾರು ಕರಗುತ್ತಾ ಹೊಸ ನಾರು ಸೇರುತ್ತಾ ಜೀವ ಇರುವವರೆಗೂ ನಡೆಯುತ್ತಲೇ ಇರುತ್ತದೆ. ಹೊಸ ನಾರು ನಿಂತಾಗ ಮುದಿ ಸಿಪಾಯಿಯ ಐವತ್ತು ವರ್ಷದ ತೇಪೆ ಬಿಚ್ಚಿಕೊಂಡಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತರುವ ನೆಲ್ಲಿಕಾಯಲ್ಲಿ ಈ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು.

ಮತ್ತೆ ಜಗಲಿಗೆ

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ರಾಮಚಂದ್ರನ್ ಅವರ ಬುದ್ಧಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬುದ್ಧಿಗೆ ಬೇಕಾದ ವಸ್ತು ಪಕ್ಕದಲ್ಲೇ ಸಿಕ್ಕಿದ್ದು ಮದ್ರಾಸಿನಲ್ಲಿ ಚರ್ಮದ ಸಂಸ್ಥೆ ಇದ್ದುದರಿಂದ. ಸಂಸ್ಥೆ ಬಂದದ್ದು ಅಲ್ಲಿ ತೊಗಲಿನ ಉದ್ಯಮ ಇದ್ದುದರಿಂದ. ಉದ್ಯಮ ನಿಂತದ್ದು ಸುಣ್ಣದ ಗುಂಡಿಯಲ್ಲಿ ಕೈ ಬೇಯಿಸಿಕೊಂಡವರ ಮೇಲೆ. ಯಾವ ನಾರು ನಮ್ಮೆಲ್ಲರ ಮೈಯನ್ನೂ ಕಟ್ಟಿ ಹಿಡಿದಿದೆಯೋ ಅದನ್ನು ಮುಟ್ಟುತ್ತಾರೆ ಅನ್ನುವ ಕಾರಣಕ್ಕೇ ಅವರನ್ನು ಊರಿನಿಂದ ಆಚೆ ಇಟ್ಟೆವು. ನಾನೂ ಮೇಷ್ಟ್ರಾಗಿ, ಅವರ ಮಕ್ಕಳನ್ನೇ ಮುಂದೆ ಕೂರಿಸಿಕೊಂಡು, ಅವರಪ್ಪಂದಿರು ಬಲ್ಲ ವಿಷಯವನ್ನು ಅವರಿಗೇ ಅರ್ಥವಾಗದ ಮಾತಿನಲ್ಲಿ ಬಾಯಿಪಾಠ ಮಾಡಿಸಿದೆ.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಈ ಪಾಠ ಬಂದಾಗ ಒಂದು ಕೋಳಿ ಕಾ‌ಲಿನ ಮೂಳೆಯನ್ನು ನಾಲ್ಕೈದು ದಿನ ವಿನೆಗರಿನಲ್ಲಿ ಮುಳುಗಿಸಿಡಿ. ಸುಣ್ಣದ ಅಂಶ ಕರಗಿ ಮೂಳೆ ರಬ್ಬರಿನಂತೆ ಬಾಗುತ್ತದೆ. ಉಳಿದದ್ದು ಕೊಲ್ಲಾಜೆನ್. ಇನ್ನೊಂದು ಮೂಳೆಯನ್ನು ಒಲೆಯಲ್ಲಿ ಚೆನ್ನಾಗಿ ಸುಡಿ. ನಾರು ಸುಟ್ಟು ಸುಣ್ಣ ಮಾತ್ರ ಉಳಿದು, ಮುಟ್ಟಿದರೆ ಪುಡಿಯಾಗುತ್ತದೆ. ಗಟ್ಟಿತನ ಯಾವುದರಿಂದ, ಬಾಳಿಕೆ ಯಾವುದರಿಂದ ಅಂತ ಮಕ್ಕಳೇ ಹೇಳುತ್ತಾರೆ. ಸಾಧ್ಯವಾದರೆ ಊರಿನಲ್ಲಿ ಹದದ ಕೆಲಸ ಬಲ್ಲ ಹಿರಿಯರು ಇನ್ನೂ ಇದ್ದರೆ ಒಂದು ಗಂಟೆ ತರಗತಿಗೆ ಕರೆಯಿರಿ, ಕುರ್ಚಿ ಹಾಕಿ ಕೂರಿಸಿ. ಅವರು ಬಲ್ಲದ್ದು ಇನ್ನು ಕೆಲವೇ ವರ್ಷ ಸಿಗುತ್ತದೆ.

ಆ ಸಂಜೆ ನಾನು ಅಜ್ಜನಿಗೆ ಮೇಲೆ ಬಂದು ಬೆಂಚಿನ ಮೇಲೆ ಕೂರುವಂತೆ ಹೇಳಿದೆ. “ಇಲ್ಲೇ ಸರಿ ಕನ ಮೇಷ್ಟ್ರೇ, ಮಂಡಿ ನೋವು” ಅಂದರು. ಮಂಡಿ ನೋವು ನಿಜವೇ. ಮಂಡಿಯೊಳಗಿನ ಮೃದ್ವಸ್ಥಿ ಸವೆದರೆ ಮತ್ತೆ ಬೆಳೆಯುವುದಿಲ್ಲ ಅಂತ 1743ರಲ್ಲೇ ಲಂಡನ್ನಿನ ವಿಲಿಯಂ ಹಂಟರ್ ಬರೆದಿದ್ದಾರೆ. ಆದರೆ ಅವರು ಕೆಳಗೆ ಕೂತದ್ದು ಮಂಡಿ ನೋವಿಗೆ ಮಾತ್ರ ಅಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಹುಡುಗಿ ಎದ್ದು ಹೋಗಿ ಮೆಟ್ಟಿಲ ಮೇಲೆ ಅವರ ಪಕ್ಕ ಕೂತು, ಪುಸ್ತಕದ ಚಿತ್ರ ತೋರಿಸಿ, “ತಾತ, ಇದು ಯಾವ ಭಾಗ್ದಲ್ಲಿ ಸಿಕ್ತದೆ ಹೇಳಿ” ಅಂದಳು. ಅಜ್ಜ ಕನ್ನಡಕ ಸರಿಮಾಡಿಕೊಂಡು ನೋಡಿದರು.